ಅಳತೆಯ ದಿನ ವರ್ನಾ ಹೇಳಿದ ಸುಳ್ಳು

ಗಾರ್ತ್ ಪೆಲ್ಕಿಯನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಆದ್ದರಿಂದ ನಾನು ಎರಡೂ ಕಡೆ ನೋಡಿ ನ್ಯಾಯವಾಗಿ ಹೇಳುತ್ತೇನೆ ಎಂದು ಯಾರೂ ನಂಬಿಕೊಂಡು ಕೂರಬೇಡಿ. ಆಲ್ಡೆನ್ ಕಾಲೇಜಿನ ಐಸ್ ಹಾಕಿ ಅಂಗಳದಲ್ಲಿ ಇಪ್ಪತ್ತೆರಡು ವರ್ಷ ಮಂಜುಗಡ್ಡೆ ಸವರುವ ಗಾಡಿ ಓಡಿಸಿದವನು ನಾನು, ಆರ್ನಿ. ಆಟದ ನಡುವೆ ಎರಡು ಸಲ ಗಾಡಿ ಇಳಿಸಿ, ಹುಡುಗರು ಗೀರಿ ಕೆಡಿಸಿದ ಮಂಜನ್ನು ನುಣ್ಣಗೆ ಮಾಡಿ ಬರುವುದು ನನ್ನ ಕೆಲಸ. ಉಳಿದ ಹೊತ್ತೆಲ್ಲ ನಾನು ಬಿದ್ದುಕೊಂಡಿರುತ್ತಿದ್ದುದು ವರ್ನಾ ಲಾಹ್ಟಿಯ ಸ್ಕೇಟು ಕೋಣೆಯಲ್ಲಿ. ಅಲ್ಲಿ ಬಿಸಿ ಕಾಫಿ ಇರುತ್ತಿತ್ತು, ಏಲಕ್ಕಿ ಹಾಕಿದ ಬ್ರೆಡ್ಡು ಇರುತ್ತಿತ್ತು, ಪೆಲ್ಕಿಯನ್ನು ಬೈಯಲು ಜೊತೆಯೂ ಇತ್ತು.

ವರ್ನಾ ಗಿಡ್ಡ ಹೆಂಗಸು, ಗಟ್ಟಿ ಮೈ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದಳು. ಇಪ್ಪತ್ತಾರು ಹುಡುಗರ ಸ್ಕೇಟು ಬೂಟುಗಳ ಅಡಿಯ ಅಲಗುಗಳನ್ನು ಸಾಣೆ ಹಿಡಿಯುವುದು, ಬೆವರು ನಾರುವ ಬಟ್ಟೆ ಒಗೆಯುವುದು, ಅಂಗಿಯ ಬೆನ್ನಿಗೆ ಹೆಸರು ಹೊಲಿಯುವುದು, ಎಲ್ಲ ಅವಳೊಬ್ಬಳದೇ. ಹುಡುಗರಿಗೆ ಅವಳು ‘ಮಿಸೆಸ್ ಎಲ್’. ಬಾಯಿ ಬಿರುಸು. ಒದ್ದೆ ಕೈಗವಸನ್ನು ಚೀಲದಲ್ಲೇ ಮುರುಟಿಸಿ ತಂದವನಿಗೆ ಅಲ್ಲೇ ಮಂಗಳಾರತಿ ಆಗುತ್ತಿತ್ತು. ಆದರೆ ಅವಳು ಸಾಣೆ ಹಿಡಿದ ಅಲಗಿನ ಮೇಲೆ ಒಬ್ಬ ಹುಡುಗನೂ ದೂರು ಹೇಳಿದ್ದನ್ನು ನಾನು ಕೇಳಿಲ್ಲ.

ಪೆಲ್ಕಿ ತಂಡದ ಕೋಚು, ಕೂರುತ್ತಿದ್ದುದು ಮಹಡಿಯ ಮೇಲೆ. ಅವನ ಕೋಣೆಯ ಗೋಡೆಗೆ ಒಂದು ದೊಡ್ಡ ಬಿಳಿ ಹಲಗೆ. ಅದರಲ್ಲಿ ಈ ವರ್ಷ, ಬರುವ ವರ್ಷ, ಅದರಾಚೆಯ ವರ್ಷ ಎಂದು ಮೂರು ಸಾಲು. ಹಾಕಿ ಕೋಲಿಗೆ ಸುತ್ತುವ ಟೇಪನ್ನು ಹರಿದು, ಅದರ ಮೇಲೆ ಹುಡುಗರ ಹೆಸರು ಬರೆದು, ಸಾಲಿಗೆ ಅಂಟಿಸುತ್ತಿದ್ದ. ಇರುವುದು ಇಪ್ಪತ್ತಾರು ಜಾಗ. ನಾಲ್ಕು ವರ್ಷ ಮುಗಿಸಿ ಪದವಿ ಪಡೆದು ಹೋಗುವವರ ಲೆಕ್ಕ ಯಾರಿಗಾದರೂ ಸಿಗುತ್ತದೆ. ಸಿಗದೇ ಇರುವುದು, ಎರಡೋ ಮೂರೋ ವರ್ಷಕ್ಕೇ ದುಡ್ಡು ಕೊಟ್ಟು ಆಡಿಸುವ ದೊಡ್ಡ ಕ್ಲಬ್ಬುಗಳು ಎತ್ತಿಕೊಂಡು ಹೋಗುವವರ ಲೆಕ್ಕ. ಅವರು ಕೊನೇ ಗಳಿಗೆವರೆಗೆ ಬಾಯಿ ಬಿಡುವುದಿಲ್ಲ. ಇತ್ತ ಹೊಸ ಹುಡುಗರಿಗೆ ಹದಿನೇಳನೇ ವಯಸ್ಸಿಗೇ ಮಾತು ಕೊಟ್ಟಾಗಿರುತ್ತದೆ. ಅವರು ಯಾವುದೋ ಊರಿನ ತಂಡದಲ್ಲಿ, ಯಾರದೋ ಮನೆಯ ನೆಲಮಾಳಿಗೆಯಲ್ಲಿ ಮಲಗೆದ್ದು ಆಡುತ್ತಾ, ಇಲ್ಲಿ ಜಾಗ ಖಾಲಿಯಾಗಲಿ ಎಂದು ಕಾಯುತ್ತಿರುತ್ತಾರೆ. ಖಾಲಿಯಾಗದಿದ್ದರೆ ಪೆಲ್ಕಿ ಫೋನ್ ಎತ್ತಿ, ‘ಇನ್ನೊಂದು ವರ್ಷ ಕಾಯಪ್ಪ’ ಎನ್ನುತ್ತಿದ್ದ. ಇಪ್ಪತ್ತೊಂದು ದಾಟಿದ ಮೇಲೆ ಊರಿನ ತಂಡಗಳೂ ಸೇರಿಸಿಕೊಳ್ಳುವುದಿಲ್ಲ. ಅಲ್ಲಿಗೆ ಹುಡುಗನ ಹಾಕಿ ಮುಗಿಯಿತು.

ಪೆಲ್ಕಿಯ ಹಲಗೆ ಮಾತ್ರ ಎಂದೂ ತಪ್ಪುತ್ತಿರಲಿಲ್ಲ. ಯಾವ ವರ್ಷ ಯಾರು ಹಾರಿಹೋಗುತ್ತಾರೆ ಎಂದು ಆರು ತಿಂಗಳು ಮೊದಲೇ ಮೂಸಿ ನೋಡಿ ಹೇಳುತ್ತಾನೆ ಎಂದು ಪತ್ರಿಕೆಯವರು ಹೊಗಳಿ ಬರೆಯುತ್ತಿದ್ದರು. ಅವನು ನಕ್ಕು, ಅನುಭವ ಸ್ವಾಮಿ ಎನ್ನುತ್ತಿದ್ದ. ಅನುಭವವೂ ಇಲ್ಲ, ಮಣ್ಣೂ ಇಲ್ಲ. ಮೂಸಿ ನೋಡುತ್ತಿದ್ದವಳು ವರ್ನಾ.

ಪ್ರತಿ ಏಪ್ರಿಲ್‌ನಲ್ಲಿ ಆಟವೆಲ್ಲ ಮುಗಿದ ಮೇಲೆ ಒಂದು ಅಳತೆಯ ದಿನ ಬರುತ್ತದೆ. ಮುಂದಿನ ಶರತ್ಕಾಲಕ್ಕೆ ಬೇಕಾದ ಸ್ಕೇಟುಗಳನ್ನು ಆಗಲೇ ಹೇಳಿಟ್ಟರೆ ಕೆನಡಾದ ಕಾರ್ಖಾನೆಯಿಂದ ಹೊತ್ತಿಗೆ ಸರಿಯಾಗಿ ಬರುತ್ತವೆ. ಹುಡುಗರು ಒಬ್ಬೊಬ್ಬರಾಗಿ ಬಂದು ಬೆಂಚಿನ ಮೇಲೆ ಕೂತು ಬರಿಗಾಲು ಚಾಚುತ್ತಾರೆ, ವರ್ನಾ ಅಳತೆಪಟ್ಟಿ ಹಿಡಿದು ಅಳೆದು ಚೀಟಿಯಲ್ಲಿ ಬರೆಯುತ್ತಾಳೆ. ಉಳಿಯುವ ಹುಡುಗ ಪ್ರಾಣ ತಿನ್ನುತ್ತಾನೆ. ಎಡಗಾಲಿನ ಹೆಬ್ಬೆರಳು ಒತ್ತುತ್ತದೆ, ಹೋದ ಸಲವೂ ಹೇಳಿದ್ದೆ, ನೀವು ಕಿವಿಗೇ ಹಾಕಿಕೊಳ್ಳಲಿಲ್ಲ, ಹಿಮ್ಮಡಿ ಇನ್ನೂ ಬಿಗಿ ಬೇಕು ಎಂದು ಕಾಲುಗಂಟೆ ವಾದ ಮಾಡುತ್ತಾನೆ. ಹೋಗುವ ಹುಡುಗ ತಕರಾರೇ ಮಾಡುವುದಿಲ್ಲ. ‘ಹೋದ ವರ್ಷದ್ದೇ ಇರಲಿ ಮಿಸೆಸ್ ಎಲ್, ಚೆನ್ನಾಗಿದೆ’ ಎಂದು ಎರಡು ನಿಮಿಷದಲ್ಲಿ ಎದ್ದು ಹೋಗುತ್ತಾನೆ. ಹಾಕದ ಸ್ಕೇಟಿನ ಬಗ್ಗೆ ಯಾರು ಜಗಳವಾಡುತ್ತಾರೆ? ಅಂದು ಸಂಜೆ ಪೆಲ್ಕಿ ಕೆಳಗಿಳಿದು ಬಂದು, ಬಾಗಿಲಿಗೆ ಒರಗಿ, ‘ಯಾರ‍್ಯಾರು ವರ್ನಾ?’ ಎನ್ನುತ್ತಿದ್ದ. ಅವಳು ಒಂದೋ ಎರಡೋ ಹೆಸರು ಹೇಳುತ್ತಿದ್ದಳು. ಅವನು ಮೇಲೆ ಹೋಗಿ ಟೇಪು ಕಿತ್ತು ಬೇರೆ ಟೇಪು ಅಂಟಿಸುತ್ತಿದ್ದ. ಮೊದಮೊದಲು ಅವನು ಹುಡುಗರ ಅಪ್ಪಂದಿರಿಗೆ, ಕ್ಲಬ್ಬುಗಳ ದಲ್ಲಾಳಿಗಳಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳುತ್ತಿದ್ದ. ಅವಳ ಮಾತು ನಾಲ್ಕು ವರ್ಷ ಸುಳ್ಳಾಗದೇ ಹೋದ ಮೇಲೆ ಅದನ್ನೂ ಬಿಟ್ಟ.

ಅವನು ಅದನ್ನು ಬಿಡಲಿ ಎಂದೇ ವರ್ನಾ ಕಾದಿದ್ದಳು. ಅದು ನನಗೆ ಗೊತ್ತಾದದ್ದು ಅವಳು ಕೆಲಸಕ್ಕೆ ಸೇರಿದ ಮೂರನೇ ವರ್ಷ, ಒಂದು ಭಾನುವಾರ ಮಧ್ಯಾಹ್ನ. ಅಂದು ಗೆದ್ದ ಖುಷಿಯಲ್ಲಿ ಪೆಲ್ಕಿ ಕೋಣೆಗೆ ಬಂದು ಅವಳ ಬೆನ್ನು ತಟ್ಟಿ ಹೋಗಿದ್ದ. ಅವಳು ಎದ್ದು ಆ ಸ್ವೆಟರನ್ನೇ ಬಿಚ್ಚಿ ಒಗೆಯುವ ಯಂತ್ರಕ್ಕೆ ಹಾಕಿದಳು. ಏನಮ್ಮಾ ಇದು ಎಂದು ಕೇಳಿದೆ. ಕೇಳಬಾರದಿತ್ತೇನೋ, ಆ ಮಧ್ಯಾಹ್ನ ಪೂರ್ತಿ ಹೇಳಿದಳು.

ಅವಳ ಮಗ ನೈಲ್ಸ್. ಅವನ ಅಡ್ಡಹೆಸರು ಅಪ್ಪನದು, ಆಲ್ಗ್ರೆನ್. ಗಂಡ ಬಿಟ್ಟುಹೋದ ಮೇಲೆ ವರ್ನಾ ತನ್ನ ತವರಿನ ಹೆಸರಿಗೆ ಮರಳಿದ್ದಳು. ಆಗ ಅವರಿದ್ದುದು ಇಲ್ಲಿಂದ ನೂರು ಮೈಲಿ ದೂರದ, ಗಣಿ ಮುಚ್ಚಿಹೋದ ಒಂದು ಊರಿನಲ್ಲಿ. ನೈಲ್ಸ್‌ಗೆ ಹದಿನೇಳು ಇದ್ದಾಗ ಪೆಲ್ಕಿ ಅವರ ಮನೆಗೆ ಬಂದ. ಅಡುಗೆಮನೆಯ ಮೇಜಿಗೆ ಕೂತು ಮಾಂಸ ತುಂಬಿದ ಎರಡು ಪ್ಯಾಸ್ಟಿ ಕಡುಬು ತಿಂದ, ಕೆಚಪ್ ಕೇಳಿ ಹಾಕಿಸಿಕೊಂಡ. ಎರಡು ವರ್ಷದಲ್ಲಿ ನಿಮ್ಮ ಹುಡುಗ ನಮ್ಮ ಅಂಗಿ ತೊಡುತ್ತಾನೆ, ಇದು ನನ್ನ ಮಾತು ಎಂದು ಕೈ ಕುಲುಕಿದ. ಬೇರೆ ಎರಡು ಕಾಲೇಜಿನವರು ಕರೆದರೂ ನೈಲ್ಸ್ ಹೋಗಲಿಲ್ಲ. ಮಾತು ಕೊಟ್ಟಾಗಿದೆ ಎಂದ. ಹತ್ತೊಂಬತ್ತಕ್ಕೆ ಫೋನ್ ಬಂತು: ಇನ್ನೊಂದು ವರ್ಷ ಕಾಯಪ್ಪ, ನಮ್ಮ ಸೆಂಟರ್ ಆಟಗಾರ ಹೋಗುತ್ತಾನೆ ಅಂದುಕೊಂಡಿದ್ದೆವು, ಉಳಿದುಬಿಟ್ಟ. ಇಪ್ಪತ್ತಕ್ಕೆ ಮತ್ತೆ ಅದೇ ಮಾತು. ಅದರ ಮುಂದಿನ ಬೇಸಿಗೆಯಲ್ಲಿ ಫೋನೂ ಇಲ್ಲ. ನೈಲ್ಸ್ ತಾನಾಗಿ ಮಾಡಿದಾಗ ಯಾರೋ ಗುಮಾಸ್ತೆ ಎತ್ತಿ, ಈ ವರ್ಷದ ಪಟ್ಟಿಯಲ್ಲಿ ಆ ಹೆಸರಿಲ್ಲವಲ್ಲ ಎಂದಳಂತೆ. ಅಷ್ಟೇ. ಹುಡುಗ ಸ್ಕೇಟುಗಳನ್ನು ಪಕ್ಕದ ಮನೆಯವರಿಗೆ ಕೊಟ್ಟು, ಸರೋವರದಲ್ಲಿ ಕಬ್ಬಿಣದ ಅದಿರು ಸಾಗಿಸುವ ಹಡಗಿಗೆ ಕೂಲಿ ಸೇರಿದ. ಇವತ್ತಿಗೂ ಟಿವಿಯಲ್ಲಿ ಹಾಕಿ ಬಂದರೆ ಎದ್ದು ಚಾನೆಲ್ ಬದಲಾಯಿಸುತ್ತಾನೆ.

ಮರುವರ್ಷ ಇಲ್ಲಿ ಸ್ಕೇಟು ಕೋಣೆಗೆ ಜನ ಬೇಕೆಂಬ ಜಾಹೀರಾತು ನೋಡಿ ವರ್ನಾ ಮನೆ ಬಿಟ್ಟು ಬಂದಳು. ಆಸ್ಪತ್ರೆಯ ಬಟ್ಟೆ ಒಗೆದು ಹೊಲಿದು ಅಭ್ಯಾಸವಿತ್ತು, ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಪೆಲ್ಕಿ ಅವಳ ಕೈ ಕುಲುಕಿ, ‘ನಿಮ್ಮನ್ನ ಭೇಟಿ ಮಾಡಿದ್ದು ಸಂತೋಷ’ ಎಂದ. ಗುರುತೇ ಇಲ್ಲ. ಅವಳದೇ ಮೇಜಿನಲ್ಲಿ ಅವಳದೇ ಕೈಯಡುಗೆ ತಿಂದಿದ್ದ ಗಂಡಸು.

“ಆಗ್ಲೇ ತೀರ್ಮಾನ ಮಾಡ್ದೆ ಆರ್ನಿ,” ಎಂದಳು ವರ್ನಾ. “ಇವನು ನನ್ನ ಮಾತಿನ ಮೇಲೇ ನಿಲ್ಲೋ ಹಾಗೆ ಮಾಡ್ತೀನಿ. ಪೂರ್ತಿ ನಿಂತ ದಿನ ಕಾಲ್ಕೆಳಗಿಂದ ಅದನ್ನ ಎಳೀತೀನಿ.”

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಅಲ್ಲಿಂದ ಮುಂದೆ ಆರು ವರ್ಷ, ಅವನು ಫೋನ್ ಮಾಡಿ ಖಚಿತ ಮಾಡಿಕೊಳ್ಳುವುದನ್ನು ಬಿಟ್ಟ ಮೇಲೂ, ಪೆಟ್ಟು ಜೋರಾಗಿ ಬೀಳುವ ವರ್ಷ ಬರಲಿ ಎಂದು ಕಾದಳು. ಪ್ರತಿ ಏಪ್ರಿಲ್‌ನಲ್ಲಿ ಅವನಿಗೆ ಸರಿಯಾದ ಹೆಸರನ್ನೇ ಹೇಳಿದಳು. ಒಂದೊಂದು ಸರಿಯುತ್ತರಕ್ಕೂ ಅವನ ಹೆಸರು ಪತ್ರಿಕೆಯಲ್ಲಿ ಇನ್ನಷ್ಟು ದಪ್ಪಕ್ಷರದಲ್ಲಿ ಬರುತ್ತಿದ್ದರೂ ಹಲ್ಲು ಕಚ್ಚಿಕೊಂಡು ಹೇಳಿದಳು. ನನ್ನ ಕೈಯಲ್ಲಾದರೆ ಆಗುತ್ತಿರಲಿಲ್ಲ. ನಾನು ಮೊದಲ ವರ್ಷವೇ ಅವನ ಕಾಫಿಗೆ ಏನಾದರೂ ಹಾಕಿ ಕೆಲಸ ಕಳೆದುಕೊಳ್ಳುತ್ತಿದ್ದೆ.

ಆ ವರ್ಷದ ಅಳತೆಯ ದಿನ ನಾನೂ ಕೋಣೆಯಲ್ಲಿದ್ದೆ. ಬೆಳಿಗ್ಗೆ ಡ್ರೂ ಹ್ಯಾಲ್ವರ್ಸನ್ ಬಂದ. ತಂಡದ ಸೆಂಟರ್, ನಲವತ್ತು ಮೈಲಿಯ ಸುತ್ತಿನಲ್ಲಿ ಮಕ್ಕಳೆಲ್ಲ ಅವನ ನಂಬರಿನ ಅಂಗಿ ತೊಡುತ್ತಿದ್ದರು. ಎರಡು ವರ್ಷ ಹೆಬ್ಬೆರಳಿನ ವಿಷಯಕ್ಕೆ ವರ್ನಾಳ ಜೀವ ಹಿಂಡಿದ್ದವನು ಅಂದು, ಹೋದ ವರ್ಷದ್ದೇ ಇರಲಿ ಎಂದು ಎದ್ದು ಹೋದ. ಆಮೇಲೆ ಗೋಲು ಕಾಯುವ ಹುಡುಗ, ನಮ್ಮ ಗೋಲಿ. ಅವನದೂ ಅದೇ ಮಾತು. ಮಧ್ಯಾಹ್ನ ರಕ್ಷಣೆಯ ದೊಡ್ಡ ಆಟಗಾರ, ಅವನಂತೂ ಕಾಲುಚೀಲ ಕೂಡ ಬಿಚ್ಚಲಿಲ್ಲ. ತಂಡದ ಬೆನ್ನುಮೂಳೆಯ ಮೂವರು, ಮೂವರೂ ಹೊರಟವರೇ. ವರ್ನಾ ಪ್ರತಿಯೊಬ್ಬನ ಚೀಟಿಯನ್ನೂ ನೀಟಾಗಿ ಬರೆದಿಟ್ಟಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ.

ಸಂಜೆ ಪೆಲ್ಕಿ ಬಂದು ಬಾಗಿಲಿಗೆ ಒರಗಿ ಎಂದಿನಂತೆ ಕೇಳಿದ.

“ಯಾರೂ ಇಲ್ಲ,” ಎಂದಳು ವರ್ನಾ, ತಲೆ ಎತ್ತದೆ. “ಎಲ್ರೂ ಹೆಬ್ಬೆರಳು ಹಿಮ್ಮಡಿ ಅಂತ ತಲೆ ತಿಂದ್ರು. ಹ್ಯಾಲ್ವರ್ಸನ್ ಅಂತೂ ಅರ್ಧ ಗಂಟೆ.”

ಪೆಲ್ಕಿಯ ಮುಖ ಊರಗಲವಾಯಿತು. ಬಾಗಿಲಿನ ಚೌಕಟ್ಟಿಗೆ ಎರಡು ಸಲ ಕೈ ಬಡಿದು, ಮೆಟ್ಟಿಲು ಹಾರಿಕೊಂಡು ಮೇಲೆ ಹೋದ. ಅವನ ಫೋನಿನ ದನಿ ಕೆಳಗಿನವರೆಗೂ ಕೇಳಿಸುತ್ತಿತ್ತು. ಆ ಶರತ್ಕಾಲಕ್ಕೆ ಬರಬೇಕಾಗಿದ್ದ ಮೂವರು ಹುಡುಗರಿಗೆ, ಒಬ್ಬರಾದ ಮೇಲೆ ಒಬ್ಬರಿಗೆ, ಇನ್ನೊಂದು ವರ್ಷ ಕಾಯಪ್ಪ ಎಂದು ಹೇಳುತ್ತಿದ್ದ. ಪೆಲ್ಕಿ ಹಾಳಾಗಲಿ, ಸಂತೋಷ. ಆದರೆ ಈ ಮೂವರು ಏನು ಮಾಡಿದ್ದರು?

“ಅವರಮ್ಮಂದಿರೂ ನಿನ್ನ ಹಾಗೇ ಅಲ್ವೇನೇ?” ಎಂದೆ. “ಅವನು ನಿನಗೆ ಮಾಡಿದ್ದನ್ನೇ ನೀನು ಅವರಿಗೆ ಮಾಡ್ದೆ.”

ವರ್ನಾ ಎದ್ದು ಕಪಾಟಿನಿಂದ ಮೂರು ಚೀಟಿ ತೆಗೆದು ನನ್ನ ಮುಂದೆ ಎಸೆದಳು. ಹೊಸ ಹುಡುಗರು ಬರುವ ಮೊದಲೇ ಅಳತೆ ಕಳಿಸುವ ಚೀಟಿಗಳು. ಪ್ರತಿಯೊಂದರ ಕೆಳಗೂ ಮನೆಯ ಫೋನ್ ನಂಬರ್ ಇತ್ತು.

“ನನಗೆ ಆವಾಗ ಯಾರೂ ಫೋನ್ ಮಾಡ್ಲಿಲ್ಲ,” ಎಂದಳು. “ನಾನು ಮಾಡ್ತೀನಿ.”

ಮಾರನೇ ದಿನ ಬೆಳಿಗ್ಗೆ, ಪೆಲ್ಕಿ ಊರಿನಲ್ಲಿಲ್ಲದ ಹೊತ್ತು ನೋಡಿ, ಅವಳು ಆ ಮೂವರು ತಾಯಂದಿರಿಗೂ ಫೋನ್ ಮಾಡಿದಳು. ನಾನು ಬಾಗಿಲು ಕಾಯುತ್ತಾ ನಿಂತಿದ್ದೆ. ತಾನು ಯಾರು ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಕಾಯಬೇಡಿ, ನನ್ನ ಮಗನೂ ಕಾದಿದ್ದ, ಇನ್ನೂ ಏಪ್ರಿಲ್ ಇದೆ, ಬೇರೆ ಕಾಲೇಜುಗಳಲ್ಲಿ ಜಾಗ ಇದೆ, ಇವತ್ತೇ ಕೇಳಿ ಎಂದಳು. ಇಬ್ಬರು ಅಲ್ಲೇ ಒಪ್ಪಿದರು. ಮೂರನೆಯವಳು ಮಾರ್ಲಿಸ್ ಓಯನ್ ಎಂಬ ಹೆಂಗಸು. ಅವಳು ನಂಬಲಿಲ್ಲ. ಕೋಚ್ ನಮ್ಮ ಮನೆಗೆ ಬಂದು ಊಟ ಮಾಡಿ ಮಾತು ಕೊಟ್ಟಿದ್ದಾರೆ, ನೀವು ಯಾರು ನಡುವೆ ಎಂದು ದಬಾಯಿಸಿದಳು.

“ಏನು ಬಡಿಸಿದ್ರಿ?” ಎಂದು ಕೇಳಿದಳು ವರ್ನಾ.

ಆಮೇಲೆ ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಮೇ ತಿಂಗಳು ಮುಗಿಯುವಷ್ಟರಲ್ಲಿ ಮೂವರು ಹುಡುಗರಿಗೂ ಬೇರೆ ಬೇರೆ ಕಡೆ ಜಾಗ ಸಿಕ್ಕಿತ್ತು. ಮಾರ್ಲಿಸ್‌ಳ ಮಗ ಸೇರಿದ್ದು ನಮ್ಮ ಬದ್ಧವೈರಿ ಕಾಲೇಜಿಗೆ. ಮೂರೂ ಮನೆಯವರು ಪೆಲ್ಕಿಗೆ ಒಂದು ಮಾತೂ ತಿಳಿಸಲಿಲ್ಲ. ಅವನು ಎಂದಾದರೂ ತಿಳಿಸಿ ಮಾಡುತ್ತಿದ್ದನೇ?

ಜುಲೈಯಲ್ಲಿ ಗೋಲಿ ಕ್ಲಬ್ಬಿಗೆ ಸಹಿ ಹಾಕಿದ. ಹತ್ತು ದಿನ ಬಿಟ್ಟು ರಕ್ಷಣೆಯವನು ಹೋದ. ಆಗಸ್ಟ್ ಎರಡನೇ ವಾರ ಹ್ಯಾಲ್ವರ್ಸನ್ ಕಾಲೇಜಿನ ಮುಂದೆಯೇ ತನ್ನ ಟ್ರಕ್ಕಿಗೆ ಸಾಮಾನು ತುಂಬಿ, ಎಲ್ಲರಿಗೂ ಕೈಬೀಸಿ ಹೊರಟ. ನಾನು ಮೇಲಿನ ಬಲ್ಬು ಬದಲಾಯಿಸುವ ನೆಪ ಮಾಡಿಕೊಂಡು ಪೆಲ್ಕಿಯ ಕೋಣೆಗೆ ಹೋಗಿ ನೋಡಿ ಬಂದೆ. ಸುಳ್ಳೇಕೆ ಹೇಳಲಿ, ಬಲ್ಬು ಚೆನ್ನಾಗಿಯೇ ಇತ್ತು. ಅವನು ಹಲಗೆಯ ಮುಂದೆ ಟೇಪಿನ ಸುರುಳಿ ಹಿಡಿದು ನಿಂತಿದ್ದ. ಅಂಟಿಸಲು ಹೆಸರಿರಲಿಲ್ಲ. ಆ ಕಾಲದಲ್ಲಿ ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಬಂದವನು ಒಂದು ವರ್ಷ ಆಡದೆ ಕೂರಬೇಕಿತ್ತು. ಆಗಸ್ಟಿನಲ್ಲಿ ಹುಡುಗರನ್ನು ಎಲ್ಲಿಂದ ತರುವುದು? ನನಗೆ ಆದ ಖುಷಿ ಹೇಳತೀರದು. ಅಂದು ಮನೆಗೆ ಹೋಗಿ ಸೌನಾದ ಹಬೆಕೋಣೆ ಕಾಯಿಸಿ ಎರಡು ಬಿಯರ್ ಹೆಚ್ಚಿಗೆ ಕುಡಿದೆ.

ಕಾಯುತ್ತಿದ್ದಾರೆಂದು ತಾನು ನಂಬಿಕೊಂಡಿದ್ದ ಮೂವರಿಗೂ ಅವನು ಫೋನ್ ಮಾಡಿದ. ಇಬ್ಬರ ಮನೆಯವರು ಚುಟುಕಾಗಿ ಹೇಳಿ ಇಟ್ಟರು. ಮಾರ್ಲಿಸ್ ಓಯನ್ ಮಾತ್ರ ಬಾಯ್ತುಂಬ ಮಾತಾಡಿದಳು. ನಿಮ್ಮ ಸ್ಕೇಟು ಕೋಣೆಯ ಹೆಂಗಸಿಗೆ ಪುಣ್ಯ ಬರಲಿ, ಅವಳು ಹೇಳದಿದ್ದರೆ ನಾವಿನ್ನೂ ಕಾಯುತ್ತಿದ್ದೆವು ಎಂದಳಂತೆ.

ಪೆಲ್ಕಿ ಕೆಳಗೆ ಬಂದಾಗ ವರ್ನಾ ಸಾಣೆಕಲ್ಲಿನ ಮುಂದೆ ಕೂತಿದ್ದಳು. ನಾನು ಮೂಲೆಯಲ್ಲಿ ಬ್ರೆಡ್ಡು ತಿನ್ನುತ್ತಿದ್ದೆ. ಹೊರಗೆ ಹೋಗು ಎಂದ. ವರ್ನಾ, ಕೂತ್ಕೋ ಆರ್ನಿ ಎಂದಳು. ಕೂತೆ.

“ನನ್ನ ಬೆನ್ನಿಗೆ ಚೂರಿ ಹಾಕಿದೆಯಲ್ಲ,” ಎಂದ ಪೆಲ್ಕಿ. “ನಾನೇನು ಮಾಡಿದ್ದೆ ನಿನಗೆ?”

ವರ್ನಾ ಯಂತ್ರ ನಿಲ್ಲಿಸಿದಳು. “ನಮ್ಮನೆ ಅಡುಗೆಮನೇಲಿ ಕೂತು ಊಟ ಮಾಡಿದ್ರಿ ಕೋಚ್. ನನ್ನ ಮಗನಿಗೆ ಮಾತು ಕೊಟ್ರಿ. ನಾಲ್ಕು ವರ್ಷ ಕಾಯಿಸಿದ್ರಿ.”

ಪೆಲ್ಕಿ ಅವಳ ಮುಖವನ್ನೇ ನೋಡಿದ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನು ಆ ಮುಖವನ್ನು ಸರಿಯಾಗಿ ನೋಡಿದ್ದು. ಗುರುತು ಸಿಗಲಿಲ್ಲ. ಹುಡುಕಾಡುತ್ತಿದ್ದುದು ಕಣ್ಣಲ್ಲಿ ಕಾಣುತ್ತಿತ್ತು.

“ಕ್ರೀವರ್ ಹುಡುಗನ ತಾಯಿನಾ?” ಎಂದ.

“ಅಲ್ಲ.”

“ಬೆಸಿಮರ್ ಕಡೆಯ ಗೋಲಿ ಇದ್ದನಲ್ಲ, ಕೆಂಪು ಕೂದಲು?”

“ಅಲ್ಲ.”

ಅವನು ಹೇಳುತ್ತಾ ಹೋದ. ಟಾಲ್ಮನ್ ಅಂದ, ಹೋಲ್ಮ್‌ಬರ್ಗ್ ಅಂದ, ಎರಡು ಸಲ ಕಾಯಿಸಿದ ಅಣ್ಣತಮ್ಮಂದಿರ ಹೆಸರು ಹೇಳಿದ, ಹೆಸರು ಮರೆತ ಒಬ್ಬನ ಮನೆಯ ನಾಯಿಯ ಗುರುತು ಹೇಳಿದ. ನಾನು ಬೆರಳು ಮಡಚುತ್ತಾ ಎಣಿಸಿದೆ, ಹನ್ನೊಂದಾಯಿತು. ಯಾರೂ ಕೇಳದೆ ಅವನೇ ತನ್ನ ಬಾಯಿಂದ ಹೇಳಿದ ಹನ್ನೊಂದು ಮಂದಿ ಹುಡುಗರು. ಪ್ರತಿಯೊಂದಕ್ಕೂ ವರ್ನಾ ಅಲ್ಲ ಎಂದಳು. ಕೊನೆಗೆ ಅವನು ಬೆಂಚಿನ ಮೇಲೆ ಕುಸಿದು, ಹಾಗಾದರೆ ಯಾರು, ನೀನೇ ಹೇಳು ಎಂದ.

“ನಾನ್ಯಾಕೆ ಹೇಳ್ಲಿ? ನೀವೇ ನೆನಪು ಮಾಡ್ಕೊಳ್ಳಿ,” ಎಂದು ಅವಳು ಮತ್ತೆ ಯಂತ್ರ ಹಾಕಿದಳು.

ಅವಳನ್ನು ಕೆಲಸದಿಂದ ತೆಗೆದುಹಾಕುತ್ತಾನೆ ಎಂದುಕೊಂಡಿದ್ದೆ. ತೆಗೆಯಲಿಲ್ಲ. ತೆಗೆದರೆ ಕಾಲೇಜಿನ ಅಧ್ಯಕ್ಷರಿಗೆ ಕಾರಣ ಕೊಡಬೇಕು. ಇಷ್ಟು ವರ್ಷ ನನ್ನ ಅನುಭವ ಎಂದು ಮೆರೆದದ್ದು ಸಾಣೆ ಹಿಡಿಯುವ ಹೆಂಗಸಿನ ಊಹೆ ಎಂದು ಒಪ್ಪಿಕೊಳ್ಳಬೇಕು. ಅದಕ್ಕಿಂತ ಸೋಲುವುದೇ ವಾಸಿ ಅನ್ನಿಸಿರಬೇಕು. ಸೋತ. ನವೆಂಬರಿನಲ್ಲಿ ಏಳು ಆಟ, ಏಳೂ ಸೋಲು. ವೈರಿ ಕಾಲೇಜಿನವರು ನಮ್ಮ ಮಂಜಿನ ಮೇಲೆಯೇ ಒಂಬತ್ತು ಗೋಲು ಹೊಡೆದು ಹೋದರು. ಅದರಲ್ಲಿ ಎರಡು ಮಾರ್ಲಿಸ್‌ಳ ಮಗನವು. ಅವನ ಎರಡನೇ ಗೋಲಿಗೆ ನಾನು ಗಾಡಿಯ ಪಕ್ಕದಲ್ಲಿ ನಿಂತು ಎಲ್ಲರೆದುರಿಗೇ ಚಪ್ಪಾಳೆ ತಟ್ಟಿದೆ. ನಮ್ಮೂರವರು ಕೆಕ್ಕರಿಸಿ ನೋಡಿದರು.

ಈ ನಡುವೆ ಪೆಲ್ಕಿಗೆ ಒಂದು ಚಟ ಅಂಟಿಕೊಂಡಿತು. ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಕೆಳಗೆ ಬಂದು ಬಾಗಿಲಲ್ಲಿ ನಿಂತು ಒಂದು ಹೆಸರು ಹೇಳುತ್ತಿದ್ದ. ಹಳೇ ಕಾಗದಗಳನ್ನು ಕೆದಕಿ ಹುಡುಕುತ್ತಿದ್ದನಂತೆ. ವರ್ನಾ ಅಲ್ಲ ಎನ್ನುತ್ತಿದ್ದಳು. ಅವನು ಹೋಗುತ್ತಿದ್ದ. ಅವನ ಕಣ್ಣಿನ ಕೆಳಗೆ ಕಪ್ಪು ಕಟ್ಟಿತು. ಸಾಕು ಮಾರಾಯ್ತಿ, ಹೇಳಿ ಮುಗಿಸು ಎಂದು ನಾನೇ ಒಮ್ಮೆ ಹೇಳಿದೆ. ನೈಲ್ಸ್ ಎಷ್ಟು ದಿನ ಫೋನಿನ ಪಕ್ಕ ಕೂತಿದ್ದ ಗೊತ್ತಾ ಎಂದು ಕೇಳಿದಳು.

ಮಾರ್ಚಿನಲ್ಲಿ ಕಾಲೇಜಿನವರು ಪೆಲ್ಕಿಗೆ ಇನ್ನು ಬರುವುದು ಬೇಡ ಎಂದರು. ಹೋಗುವ ದಿನ ಮಧ್ಯಾಹ್ನ ಅವನು ರಟ್ಟಿನ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಕೆಳಗೆ ಬಂದ. ಬಾಗಿಲಿಗೆ ಒರಗಲಿಲ್ಲ, ಒಳಗೆ ಬಂದು ನಿಂತ.

“ನೈಲ್ಸ್ ಆಲ್ಗ್ರೆನ್,” ಎಂದ.

ವರ್ನಾ ಕನ್ನಡಕ ತೆಗೆದಳು.

“ಎಡಗೈ ಆಟಗಾರ,” ಎಂದ ಪೆಲ್ಕಿ. “ತುಂಬ ಒಳ್ಳೇ ಹುಡುಗ. ಬೇರೆ ಕಡೆಯಿಂದ ಕರೆ ಬಂದ್ರೂ ನನ್ನ ಮಾತು ನಂಬಿ ಹೋಗಲಿಲ್ಲ. ಕೊನೆಗೆ ಅವನಿಗೊಂದು ಫೋನ್ ಮಾಡೋಕೂ ನನಗೆ ಮುಖ ಇರಲಿಲ್ಲ. ಅವನಿಗೆ ನಾನು ಮಾಡಿದ್ದು ಅನ್ಯಾಯ. ಅವನೇ ಅಲ್ವಾ ವರ್ನಾ?”

ಹತ್ತು ವರ್ಷದಿಂದ ಅವಳು ಕೇಳಬೇಕೆಂದಿದ್ದ ಮಾತು ಅದೇ. ಅಷ್ಟನ್ನೂ ಅವನು ಅವಳ ಮುಂದೆ ನಿಂತು ಹೇಳಿದ್ದ. ನನಗೆ ಮೊದಲ ಬಾರಿಗೆ ಅವನ ಮೇಲೆ ಕನಿಕರ ಬಂತು. ಹೂಂ ಎಂದುಬಿಡು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ವರ್ನಾ ಅವನನ್ನು ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿತ್ತು, ಆದರೆ ದನಿ ಎಂದಿನಂತೆಯೇ ಇತ್ತು.

“ಅಲ್ಲ,” ಎಂದಳು.

ಪೆಲ್ಕಿ ಪೆಟ್ಟಿಗೆಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು, ತುಟಿಯಲ್ಲೇ ಬೇರೆ ಯಾವುದೋ ಹೆಸರು ಹುಡುಕುತ್ತಾ ಹೊರಗೆ ಹೋದ.